ಮೀಟರ್ ಇಲ್ಲದ ಊರಲ್ಲಿ ನೀರು ಎಲ್ಲಿ ಹೋಗುತ್ತದೆ?

ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 280 ಮಿಲಿಮೀಟರ್. ಹೆಚ್ಚುಕಮ್ಮಿ ಮರುಭೂಮಿಯೇ. ಆದರೂ ಮನೆಗಳ ಮುಂದೆ ಹಸಿರು ಹುಲ್ಲುಹಾಸು. ಹಿಂದೆ ಎಷ್ಟೇ ನೀರು ಬಿಟ್ಟರೂ ಬಿಲ್ ಒಂದೇ ಬರುತ್ತಿತ್ತು. ಮನೆಗಳಿಗೆ ಮೀಟರ್ ಹಾಕಕೂಡದು ಎಂದು ನಗರದ ಚಾರ್ಟರ್‌ನಲ್ಲೇ, ಅಂದರೆ ಊರಿನ ಆಡಳಿತದ ಮೂಲ ನಿಯಮಗಳಲ್ಲೇ, ಬರೆದಿತ್ತು! ಕೊನೆಗೆ ರಾಜ್ಯ ಸರ್ಕಾರವೇ ಮಧ್ಯೆ ಬಂತು. 2025ರೊಳಗೆ ಮೀಟರ್ ಕಡ್ಡಾಯ ಎಂದು 2004ರಲ್ಲಿ ಕಾನೂನು ಮಾಡಿತು. ಫ್ರೆಸ್ನೊ 2013ರ ಹೊತ್ತಿಗೆ ಕೆಲಸ ಮುಗಿಸಿತು.

ಮೀಟರ್ ಅಂದ್ರೆ ದುಡ್ಡು ಕೀಳೋ ಡಬ್ಬಿ ಅಂತ ಸುಮ್ನೆ ಬೈಯುವವರು ಅದರ ಒಳಗೊಮ್ಮೆ ನೋಡಬೇಕು. ಮನೆ ಮೀಟರ್‌ಗಳಲ್ಲಿ ಒಂದು ಬಗೆಯದರಲ್ಲಿ ದುಂಡನೆಯ ಕೋಣೆ, ಅದರೊಳಗೆ ಒಂದು ಬಿಲ್ಲೆ ಇರುತ್ತದೆ. ನೀರು ನುಗ್ಗಿದಾಗ ಬಿಲ್ಲೆ ಗಿರಗಿರ ಸುತ್ತುವುದಿಲ್ಲ. ನೆಲಕ್ಕೆ ಬಿದ್ದ ನಾಣ್ಯ ನಿಲ್ಲುವ ಮುಂಚೆ ಓಲಾಡುತ್ತದಲ್ಲ, ಹಾಗೆ ಓಲಾಡುತ್ತದೆ. ಒಂದು ಸಲ ಓಲಾಡಿದರೆ ಇಷ್ಟೇ ನೀರು ದಾಟಿತು ಅಂತ ಲೆಕ್ಕ. ಆ ಓಲಾಟ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ, ಅದರಿಂದ ಮೇಲಿನ ಅಂಕಿಗಳು ಉರುಳುತ್ತವೆ. ಕರೆಂಟೇ ಬೇಡ. ಎಷ್ಟು ಚೆಂದದ ಉಪಾಯ!

ಪ್ರಾಚೀನ ರೋಮ್‌ಗೆ ಈ ಉಪಾಯ ಸಿಕ್ಕಿರಲಿಲ್ಲ. ಕ್ರಿ.ಶ. 97ರಲ್ಲಿ ನಗರದ ನೀರಿನ ಉಸ್ತುವಾರಿ ವಹಿಸಿಕೊಂಡ ಫ್ರಾಂಟಿನಸ್, ಮುದ್ರೆ ಒತ್ತಿದ ಕಂಚಿನ ಕೊಳವೆಯ ಬಾಯಿ ಎಷ್ಟು ಅಗಲ ಅನ್ನುವುದರ ಮೇಲೆ ನೀರು ಲೆಕ್ಕ ಹಾಕುತ್ತಿದ್ದ. ವೇಗ ಹೆಚ್ಚಿದರೆ ಅದೇ ಬಾಯಿಂದ ಜಾಸ್ತಿ ನೀರು ಬರುತ್ತದೆಂದು ಅವನಿಗೆ ಗೊತ್ತಿತ್ತು. ಅಳೆಯುವ ದಾರಿ ಇರಲಿಲ್ಲ, ಅಷ್ಟೇ.

ಮೀಟರ್ ಬಂದರೆ ಹುಲ್ಲಿಗೆ ಬಿಡುವ ನೀರಿಗೂ ಬೆಲೆ ಬರುತ್ತದೆ. ಒಣ ಊರಲ್ಲಿ ಬೇಸಿಗೆಯ ನೀರೆಲ್ಲ ಹೋಗುವುದು ಬಹುಪಾಲು ಅಲ್ಲಿಗೇ. ಆದರೆ ನನಗೆ ಇದಕ್ಕಿಂತ ದೊಡ್ಡದು ಅನ್ನಿಸುವುದು ಸೋರಿಕೆಯ ವಿಷಯ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕಿದರೂ ದಿನಕ್ಕೆ ಸುಮಾರು 20 ಲೀಟರ್ ಪೋಲು. ಒಂದೇ ಬಿಲ್ ಇದ್ದಾಗ ಅದನ್ನು ಯಾರು ನೋಡ್ತಾರೆ? ಇನ್ನು ನಗರಕ್ಕಂತೂ, ಪಂಪ್ ಮಾಡಿದ ನೀರಿನಲ್ಲಿ ಮನೆಗಳಿಗೆ ಎಷ್ಟು ಹೋಯಿತು, ರಸ್ತೆಯಡಿಯ ಪೈಪಲ್ಲಿ ಎಷ್ಟು ಸೋರಿತು ಅಂತ ಬೇರ್ಪಡಿಸಲು ಆಗುವುದೇ ಇಲ್ಲ. ಮೀಟರ್ ಇದ್ದರೆ ಕಳೆಯುವ ಲೆಕ್ಕ ಸಾಕು.

ಮನೆಯ ಸೋರಿಕೆ ಹಿಡಿಯುವುದು ಇನ್ನೂ ಸುಲಭ. ಅನೇಕ ಮೀಟರ್‌ಗಳ ಮುಖದ ಮೇಲೆ ಪುಟ್ಟ ತ್ರಿಕೋನವೋ ನಕ್ಷತ್ರವೋ ಇರುತ್ತದೆ. ಎಲ್ಲ ನಲ್ಲಿ ನಿಲ್ಲಿಸಿ ಅದನ್ನೇ ನೋಡಿ. ಆಗಲೂ ಮೆಲ್ಲಗೆ ತಿರುಗುತ್ತಿದ್ದರೆ ಮೊದಲು ಫ್ಲಶ್ ಟ್ಯಾಂಕ್ ಪರೀಕ್ಷಿಸಿ. ಸದ್ದಿಲ್ಲದೆ ಸೋರುವುದು ಹೆಚ್ಚಾಗಿ ಅಲ್ಲೇ.