ಡಾಟ್ ಗಿಟ್ ಹೋದರೆ ಕೋಡ್ ಹೋದಂತಲ್ಲ

"ಸರ್, ಪ್ರಾಜೆಕ್ಟ್ ಪೂರಾ ಹೋತ್ರಿ." ಹುಬ್ಬಳ್ಳಿಯ ಗೋಕುಲ ರಸ್ತೆಯ ಸಣ್ಣ ಸಾಫ್ಟ್‌ವೇರ್ ಕಚೇರಿಗಳಿಂದ, ಧಾರವಾಡದ ಎಂಜಿನಿಯರಿಂಗ್ ಹುಡುಗರಿಂದ ನನಗೆ ಇಂಥ ಫೋನ್ ಬರುತ್ತಲೇ ಇರುತ್ತವೆ. ನಾನು ಮೊದಲು ಕೇಳುವುದು ಒಂದೇ: "ಫೋಲ್ಡರ್ ತಗದು ನೋಡ್ರಿ, ಫೈಲ್ ಅದಾವೋ ಇಲ್ಲೋ?" ಹೆಚ್ಚಿನ ಸಲ ಫೈಲ್‌ಗಳು ಇದ್ದಲ್ಲೇ ಇರುತ್ತವೆ. ಹೋಗಿರುವುದು ಡಾಟ್ ಗಿಟ್ (.git) ಎಂಬ, ಕಣ್ಣಿಗೆ ಬೀಳದ ಫೋಲ್ಡರ್ ಮಾತ್ರ. ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಗಿಟ್ ಎಂಬ ತಂತ್ರಾಂಶದ ಲೆಕ್ಕವೆಲ್ಲ ಇರುವುದು ಆ ಫೋಲ್ಡರಿನಲ್ಲೇ. ಹೊಸ ಲ್ಯಾಪ್‌ಟಾಪಿಗೆ ಕೆಲಸ ಸಾಗಿಸುವಾಗ ಕಂಡ ಫೈಲ್‌ಗಳನ್ನಷ್ಟೇ ಆರಿಸಿ ಕಾಪಿ ಮಾಡಿದರೂ ಸಾಕು, ಅದು ಹಿಂದೆ ಉಳಿದುಬಿಡುತ್ತದೆ.

ಕಿರ್ದಿ ಪುಸ್ತಕ ಕಳೆದರೆ ಅಂಗಡಿಯ ಸರಕು ಕಳೆಯುವುದಿಲ್ಲ. ಡಾಟ್ ಗಿಟ್ ಒಳಗಿರುವುದು ಕಮಿಟ್‌ಗಳು (ದಾಖಲಿಸಿದ ಬದಲಾವಣೆಗಳು), ಬ್ರಾಂಚ್‌ಗಳು (ಕೆಲಸದ ಕವಲುಗಳು), ಸ್ಟ್ಯಾಶ್ (ಸದ್ಯಕ್ಕೆ ಎತ್ತಿಟ್ಟ ಕೆಲಸ), ರಿಮೋಟ್ (ಸರ್ವರ್‌ನಲ್ಲಿರುವ ಪ್ರತಿ) ವಿಳಾಸ. ಇವತ್ತಿನ ಕೋಡ್ ಅದರ ಹೊರಗಿದೆ. ನಿಜವಾದ ನಷ್ಟ ಆಗುವುದು ಆಮೇಲೆ, ಗಾಬರಿಯಲ್ಲಿ: ಹಳೆಯ ಫೋಲ್ಡರ್ ಅಳಿಸಿ ಕೋಡ್ ಇಡುವ ಗಿಟ್‌ಹಬ್ ತಾಣದಿಂದ ಹೊಸದಾಗಿ ಕ್ಲೋನ್ (ಪೂರ್ತಿ ನಕಲು) ಮಾಡಿಬಿಡುತ್ತಾರೆ. ಪುಶ್ ಮಾಡದ, ಅಂದರೆ ರಿಮೋಟ್‌ಗೆ ಕಳಿಸದ ಕೆಲಸವೆಲ್ಲ ಅಲ್ಲಿಗೆ ಮುಗಿಯಿತು. ಡೇಟಾಬೇಸ್ ಪಾಸ್‌ವರ್ಡ್ ಇಟ್ಟಿದ್ದ ಡಾಟ್ ಎನ್ವ್ ಫೈಲ್ ಕೂಡ ಹೋಯಿತು. ಗಿಟ್ ಲೆಕ್ಕಕ್ಕೆ ತೆಗೆದುಕೊಳ್ಳಬಾರದ ಫೈಲ್‌ಗಳ ಗಿಟ್‌ಇಗ್ನೋರ್ ಪಟ್ಟಿಯಲ್ಲಿದ್ದ ಕಾರಣ ಅದು ರಿಮೋಟ್‌ಗೆ ಹೋಗಿಯೇ ಇರಲಿಲ್ಲ.

ಹಾಗಾಗಿ ಮೊದಲು ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ರೀಸೈಕಲ್ ಬಿನ್ ಒಮ್ಮೆ ನೋಡಿ.

ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಗಿಟ್ ಕಟ್ಟಿದಾಗಲೇ ಪ್ರತಿ ಕ್ಲೋನ್‌ನಲ್ಲೂ ಪೂರ್ತಿ ಇತಿಹಾಸ ಇರುವಂತೆ ಕಟ್ಟಿದರು. ಸರ್ವರ್ ಸಿಗದಿದ್ದರೆ ಪಕ್ಕದ ಟೇಬಲ್ಲಿನವರ ಲ್ಯಾಪ್‌ಟಾಪ್ ಸಾಕು. ಬೇರೆ ಜಾಗದಲ್ಲಿ ಕ್ಲೋನ್ ಮಾಡಿ, ನೀವು ಕೆಲಸ ಮಾಡುತ್ತಿದ್ದ ಬ್ರಾಂಚ್‌ಗೆ ಚೆಕ್‌ಔಟ್ ಮಾಡಿ (ಅದಕ್ಕೆ ಹೊರಳಿ), ಅಲ್ಲಿಯ ಡಾಟ್ ಗಿಟ್ ಒಂದನ್ನೇ ಹಳೆಯ ಫೋಲ್ಡರಿಗೆ ತಂದಿಡಿ. ಈಗ ಗಿಟ್ ಸ್ಟೇಟಸ್ ಕೊಟ್ಟರೆ, ಪುಶ್ ಆಗದೆ ಉಳಿದ ನಿಮ್ಮ ಕೆಲಸ ಬದಲಾವಣೆಯಾಗಿ ಎದುರಿಗೆ ಬರುತ್ತದೆ. ಈ ಹಂತದಲ್ಲಿ ರೀಸೆಟ್ ಹಾರ್ಡ್ ಕೊಡಬೇಡಿ, ವಿಎಸ್ ಕೋಡ್ ಎಡಿಟರ್‌ನ ಡಿಸ್ಕಾರ್ಡ್ ಆಲ್ ಚೇಂಜಸ್ ಬಟನ್ ಒತ್ತಬೇಡಿ. ಎರಡೂ ಆ ಬದಲಾವಣೆಗಳನ್ನು ಅಳಿಸಿಬಿಡುತ್ತವೆ. ವಿಂಡೋಸ್‌ನಲ್ಲಿ ಎಲ್ಲ ಫೈಲೂ ಬದಲಾದಂತೆ ಕಂಡರೆ ಬಹುಶಃ ಸಾಲಿನ ಕೊನೆಯ ಗುರುತುಗಳದ್ದೇ ವ್ಯತ್ಯಾಸ. ಆಟೋಸಿಆರ್‌ಎಲ್‌ಎಫ್ ಸೆಟ್ಟಿಂಗ್ ನೋಡಿ.

ಅನುಭವಸ್ಥರೂ ಎಡವುವ ಜಾಗ ಒಂದಿದೆ. ನೀವು ಕೊನೆಯ ಸಲ ಪುಲ್ ಮಾಡಿದ (ರಿಮೋಟ್‌ನಿಂದ ಹೊಸದನ್ನು ತಂದುಕೊಂಡ) ಮೇಲೆ ಸಹೋದ್ಯೋಗಿ ಹೊಸ ಕೆಲಸ ಪುಶ್ ಮಾಡಿದ್ದಾರೆ ಅಂದುಕೊಳ್ಳಿ. ತಂದಿಟ್ಟ ಡಾಟ್ ಗಿಟ್‌ಗೆ ಅದು ಗೊತ್ತು, ನಿಮ್ಮ ಹಳೆಯ ಫೈಲ್‌ಗಳಿಗೆ ಗೊತ್ತಿಲ್ಲ. ಹೀಗಾಗಿ ಅವರು ಸೇರಿಸಿದ್ದನ್ನು ನೀವೇ ತೆಗೆದುಹಾಕಿದಂತೆ ಸ್ಟೇಟಸ್ ತೋರಿಸುತ್ತದೆ. ಹಾಗೇ ಕಮಿಟ್ ಮಾಡಿ ಪುಶ್ ಮಾಡಿದರೆ ಅವರ ಕೆಲಸ ಸದ್ದಿಲ್ಲದೆ ರದ್ದಾಗುತ್ತದೆ. ಗಿಟ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ನೀವು ಮುಟ್ಟೇ ಇಲ್ಲದ ಫೈಲ್‌ಗಳು ಡಿಫ್‌ನಲ್ಲಿ (ವ್ಯತ್ಯಾಸದ ಪಟ್ಟಿಯಲ್ಲಿ) ಕಂಡವೆಂದರೆ ಅಲ್ಲೇ ನಿಲ್ಲಿ. ಲಾಗ್ (ಕಮಿಟ್‌ಗಳ ಪಟ್ಟಿ) ನೋಡಿ, ನೀವು ಕೊನೆಗೆ ಪುಲ್ ಮಾಡಿದ್ದ ಕಮಿಟ್ ಯಾವುದೆಂದು ಗುರುತಿಸಿ. ನೆನಪಾಗದಿದ್ದರೆ ಒಂದೊಂದೇ ಕಮಿಟ್ ಜೊತೆ ಹೋಲಿಸುತ್ತ ಹಿಂದೆ ಹೋಗಿ. ಅತಿ ಕಡಿಮೆ ವ್ಯತ್ಯಾಸ ಎಲ್ಲಿ ಬರುತ್ತದೋ ಸಾಮಾನ್ಯವಾಗಿ ಅದೇ ಸರಿಯಾದ ಜಾಗ. ಕ್ಲೋನ್‌ನಲ್ಲಿ ಆ ಕಮಿಟ್ ಮೇಲೆ ಹೊಸ ಬ್ರಾಂಚ್ ತೆಗೆದು, ಆಮೇಲೆ ಡಾಟ್ ಗಿಟ್ ತನ್ನಿ. ನಿಮ್ಮ ಕೆಲಸ ಕಮಿಟ್ ಮಾಡಿ, ನಂತರ ಮೇನ್ ಎಂಬ ಮುಖ್ಯ ಬ್ರಾಂಚ್ ಜೊತೆ ಮರ್ಜ್ ಮಾಡಿ (ಬೆಸೆಯಿರಿ). ಅರ್ಧ ಗಂಟೆ ಹೆಚ್ಚು ಹಿಡಿದರೂ ಇದನ್ನು ಬಿಡಬೇಡಿ. ಇನ್ನೊಬ್ಬರ ದುಡಿಮೆ ಅದು.

ಕರೆಂಟ್ ಹೋಗಿ ಕಂಪ್ಯೂಟರ್ ಆರಿದಾಗ ಡಾಟ್ ಗಿಟ್ ಇದ್ದೂ ಒಳಗೆ ಕಮಿಟ್‌ಗಳ ಮಾಹಿತಿ ಇಡುವ ಆಬ್ಜೆಕ್ಟ್ ಫೈಲ್ ಖಾಲಿಯಾಗಬಹುದು. ಅದಕ್ಕೂ ಕ್ಲೋನ್‌ನಿಂದ ಡಾಟ್ ಗಿಟ್ ತರುವ ಇದೇ ದಾರಿ.

ರಿಮೋಟೂ ಇಲ್ಲ, ಇನ್ನೊಂದು ಕ್ಲೋನೂ ಇಲ್ಲ ಎಂದರೆ ಹಳೆಯ ಕಮಿಟ್‌ಗಳ ಆಸೆ ಬಹುಮಟ್ಟಿಗೆ ಬಿಡಬೇಕು. ಈಗಿನ ಲ್ಯಾಪ್‌ಟಾಪ್‌ಗಳ ಎಸ್‌ಎಸ್‌ಡಿ ಡಿಸ್ಕ್‌ನಲ್ಲಿ ಅಳಿಸಿದ ಜಾಗವನ್ನು ಖಾಲಿ ಮಾಡುವ ಟ್ರಿಮ್ ಇರುವುದರಿಂದ ಅಳಿಸಿದ್ದನ್ನು ರಿಕವರಿ ಸಾಫ್ಟ್‌ವೇರ್ ಮರಳಿ ತರುವುದು ಅಪರೂಪ. ಆದರೂ ವಿಎಸ್ ಕೋಡ್ 2022ರಿಂದ ತಾನೇ ಲೋಕಲ್ ಹಿಸ್ಟರಿ ಇಡುತ್ತಿದೆ. ಫೈಲ್ ತೆರೆದು ಟೈಮ್‌ಲೈನ್ ನೋಡಿದರೆ ಹಿಂದೆ ಸೇವ್ ಮಾಡಿದ ರೂಪಗಳು ಸಿಗಬಹುದು. ಬೇಕಾದವನ್ನು ಬೇರೆಡೆ ಉಳಿಸಿಕೊಂಡು, ಗಿಟ್ ಇನಿಟ್ ಮಾಡಿ ಹೊಸ ಡಾಟ್ ಗಿಟ್ ಶುರುಮಾಡಿ. ಮೊದಲ ಕಮಿಟ್ ಸಂದೇಶದಲ್ಲೇ ಹಿಂದಿನ ಇತಿಹಾಸ ಯಾವ ದಿನ, ಹೇಗೆ ಹೋಯಿತೆಂದು ಬರೆದಿಡಿ, ಮುಂದೆ ಆ ಕೋಡ್ ಓದುವವರು ಇಲ್ಲದ ಕಮಿಟ್‌ಗಳನ್ನು ಹುಡುಕುತ್ತ ಕೂರದಿರಲಿ.