ಆಗಸ್ಟ್ ತಿಂಗಳ ಕ್ರೀಡಾ ಇತಿಹಾಸದಲ್ಲಿ ಮೈಸೂರಿನ ಪಾಲೆಷ್ಟು?

ಪ್ರಶ್ನೆ: ಆಗಸ್ಟ್ 29ರ ರಾಷ್ಟ್ರೀಯ ಕ್ರೀಡಾ ದಿನದಂದು ಮೈಸೂರಿನ ಶಾಲೆಗಳಲ್ಲಿ ಧ್ಯಾನ್ ಚಂದ್ ಅವರ ಭಾವಚಿತ್ರಕ್ಕೆ ಹೂಮಾಲೆ ಹಾಕಿ, ಭಾಷಣ ಮಾಡಿ ಮುಗಿಸುತ್ತೇವೆ. ಅದೇ ತಿಂಗಳಲ್ಲಿ ನಮ್ಮ ಊರಿನವರು ವಿಶೇಷವಾಗಿ ನೆನೆಯಬೇಕಾದ ಕ್ರೀಡಾ ಘಟನೆಗಳು, ಜನನ ಮರಣಗಳು ಇವೆಯೇ?

ಉತ್ತರ: ಖಂಡಿತ ಇವೆ. ಅವುಗಳಲ್ಲಿ ಒಂದು ದಿನವನ್ನು, ಅಂದರೆ 1971ರ ಆಗಸ್ಟ್ 23ನ್ನು, ಮೈಸೂರಿನ ಪ್ರತಿ ಶಾಲೆಯೂ ಕ್ರೀಡಾ ದಿನದಷ್ಟೇ ಅಭಿಮಾನದಿಂದ ನೆನೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಮೊದಲು ಕ್ರೀಡಾ ದಿನದ ವಿಚಾರ. ಧ್ಯಾನ್ ಚಂದ್ ಹುಟ್ಟಿದ್ದು 1905ರ ಆಗಸ್ಟ್ 29ರಂದು ಅಲಹಾಬಾದಿನಲ್ಲಿ. 2012ರಿಂದ ಆ ದಿನವನ್ನು ರಾಷ್ಟ್ರೀಯ ಕ್ರೀಡಾ ದಿನವಾಗಿ ಆಚರಿಸಲಾಗುತ್ತಿದೆ. ಅವರ ಬದುಕಿನ ಅತಿ ದೊಡ್ಡ ಪಂದ್ಯ ನಡೆದದ್ದೂ ಆಗಸ್ಟ್‌ನಲ್ಲಿಯೇ. 1936ರ ಬರ್ಲಿನ್ ಒಲಿಂಪಿಕ್ಸ್‌ನ ಹಾಕಿ ಫೈನಲ್ 14ರಂದು ನಡೆಯಬೇಕಿತ್ತು. ಮಳೆಯಿಂದಾಗಿ ಮರುದಿನಕ್ಕೆ ಮುಂದೂಡಿದ ಕಾರಣ, ಆಗಸ್ಟ್ 15ರಂದು ಅವರ ನಾಯಕತ್ವದಲ್ಲಿ ಭಾರತ ಆತಿಥೇಯ ಜರ್ಮನಿಯನ್ನು 8–1 ಗೋಲುಗಳಿಂದ ಸೋಲಿಸಿತು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಚಿನ್ನವೂ ಹಾಕಿಯದೇ. 1948ರ ಆಗಸ್ಟ್ 12ರಂದು ಲಂಡನ್ನಿನಲ್ಲಿ ಬ್ರಿಟನ್ನನ್ನು 4–0ಯಿಂದ ಮಣಿಸಿ ಅದನ್ನು ಗೆದ್ದೆವು. 2021ರ ಆಗಸ್ಟ್ 6ರಂದು ಖೇಲ್ ರತ್ನ ಪ್ರಶಸ್ತಿಗೆ ಧ್ಯಾನ್ ಚಂದ್ ಅವರ ಹೆಸರಿಡುವುದಾಗಿ ಘೋಷಿಸಲಾಯಿತು, ಮರುದಿನವೇ ನೀರಜ್ ಚೋಪ್ರಾ ಟೋಕಿಯೊದಲ್ಲಿ ಜಾವೆಲಿನ್ ಚಿನ್ನ ಗೆದ್ದರು.

ಇನ್ನು ಮೈಸೂರಿನ ಪಾಲು. 1945ರ ಮೇ 17ರಂದು ಮೈಸೂರಿನಲ್ಲಿ ಹುಟ್ಟಿದ ಕ್ರಿಕೆಟಿಗ ಬಿ.ಎಸ್. ಚಂದ್ರಶೇಖರ್ ಅವರಿಗೆ ಬಾಲ್ಯದಲ್ಲಿಯೇ ಪೋಲಿಯೊ ತಗುಲಿ ಬಲಗೈ ಸೊರಗಿತು. ಫೀಲ್ಡಿಂಗ್ ಮಾಡುವಾಗ ಚೆಂಡನ್ನು ಎಡಗೈಯಿಂದಲೇ ಎಸೆಯುತ್ತಿದ್ದ ಅವರು ಬೌಲಿಂಗ್ ಮಾಡುತ್ತಿದ್ದದ್ದು ಮಾತ್ರ ಆ ಸೊರಗಿದ ಬಲಗೈಯಿಂದ. ಲೆಗ್ ಸ್ಪಿನ್ನರ್‌ಗಳಲ್ಲಿ ಅಪರೂಪವೆನಿಸುವ ವೇಗದಲ್ಲಿ ಬಂದು ಪುಟಿಯುತ್ತಿದ್ದ ಅವರ ಗೂಗ್ಲಿಯನ್ನು (ನಿರೀಕ್ಷೆಗೆ ವಿರುದ್ಧ ದಿಕ್ಕಿಗೆ ತಿರುಗುವ ಎಸೆತ) ಓದಿಕೊಳ್ಳುವಷ್ಟು ಸಮಯ ಬ್ಯಾಟ್ಸ್‌ಮನ್‌ಗಳಿಗೆ ಸಿಗುತ್ತಿರಲಿಲ್ಲ.

1971ರ ಇಂಗ್ಲೆಂಡ್ ಪ್ರವಾಸದ ಮೊದಲ ಎರಡು ಟೆಸ್ಟ್‌ಗಳು ಡ್ರಾ ಆಗಿದ್ದವು. ಆಗಸ್ಟ್ 19ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಆರಂಭವಾದ ಮೂರನೇ ಟೆಸ್ಟ್‌ನಲ್ಲಿ ಇಂಗ್ಲೆಂಡ್ 355 ರನ್ ಗಳಿಸಿತು, ಎರಡನೇ ದಿನ ಮಳೆಗೆ ಆಹುತಿಯಾಯಿತು, ಭಾರತ 284ಕ್ಕೆ ಆಲೌಟಾಗಿ 71 ರನ್ ಹಿಂದೆ ಬಿತ್ತು. ನಾಲ್ಕನೇ ದಿನವಾದ 23ರ ಸೋಮವಾರ, ಇಂಗ್ಲೆಂಡ್ ತನ್ನ ಎರಡನೇ ಇನಿಂಗ್ಸ್‌ನಲ್ಲಿ ವಿಕೆಟ್ ನಷ್ಟವಿಲ್ಲದೆ 23 ರನ್ ಮಾಡಿದ್ದಾಗ, ಲಕ್‌ಹರ್ಸ್ಟ್ ನೇರಕ್ಕೆ ಬಾರಿಸಿದ ಚೆಂಡು ಚಂದ್ರಶೇಖರ್ ಅವರ ಕೈಗೆ ತಗುಲಿ ಬೌಲರ್ ಬದಿಯ ಸ್ಟಂಪ್‌ಗೆ ಬಡಿಯಿತು. ಕ್ರೀಸ್ ಬಿಟ್ಟು ಮುಂದೆ ಬಂದಿದ್ದ ಜೇಮ್ಸನ್ ರನ್ ಔಟಾದರು. ಲಂಚ್ ವಿರಾಮಕ್ಕೆ ಸ್ವಲ್ಪ ಮುಂಚೆ ಜಾನ್ ಎಡ್ರಿಚ್ ಅವರಿಗೆ ಚಂದ್ರಶೇಖರ್ ತಮ್ಮ ಅತಿ ವೇಗದ ಎಸೆತವನ್ನು ಹಾಕಿದರು. ಎಡ್ರಿಚ್ ಬ್ಯಾಟ್ ಪೂರ್ತಿ ಕೆಳಗಿಳಿಸುವಷ್ಟರಲ್ಲಿ ಸ್ಟಂಪ್ ಉರುಳಿತ್ತು. ಮರು ಎಸೆತಕ್ಕೆ ಫ್ಲೆಚರ್ ಷಾರ್ಟ್ ಲೆಗ್‌ನಲ್ಲಿದ್ದ ಏಕನಾಥ ಸೋಲ್ಕರ್‌ಗೆ ಕ್ಯಾಚಿತ್ತರು. ಮೂರು ವಿಕೆಟ್‌ಗೆ 24.

ಊಟದ ನಂತರವೂ ಆಟದ ದಿಕ್ಕು ಬದಲಾಗಲಿಲ್ಲ. ಮೊದಲ ಇನಿಂಗ್ಸ್‌ನಲ್ಲಿ 90 ರನ್ ಹೊಡೆದು ಕಾಡಿದ್ದ ಅಲನ್ ನಾಟ್, ವೆಂಕಟರಾಘವನ್ ಬೌಲಿಂಗ್‌ನಲ್ಲಿ ಬ್ಯಾಟಿನಂಚಿಗೆ ತಗುಲಿದ ಚೆಂಡು ನೆಲ ಮುಟ್ಟುವ ಮುನ್ನ ಸೋಲ್ಕರ್ ಮುಂದಕ್ಕೆ ಹಾರಿ ಹಿಡಿದ ಕ್ಯಾಚಿಗೆ ಬಲಿಯಾದರು. ನಾಯಕ ಇಲಿಂಗ್‌ವರ್ತ್ ಮತ್ತು ಸ್ನೋ ಇಬ್ಬರ ಕ್ಯಾಚನ್ನೂ ಚಂದ್ರಶೇಖರ್ ತಾವೇ ಹಿಡಿದರು. ಇಂಗ್ಲೆಂಡ್ 101ಕ್ಕೆ ಕುಸಿಯಿತು. ಚಂದ್ರಶೇಖರ್ 18.1 ಓವರ್‌ಗಳಲ್ಲಿ 38 ರನ್ ಕೊಟ್ಟು ಆರು ವಿಕೆಟ್ ಪಡೆದಿದ್ದರು. ಭಾರತೀಯನೊಬ್ಬನ ಶತಮಾನದ ಶ್ರೇಷ್ಠ ಬೌಲಿಂಗ್ ಎಂದು ಹೆಸರಾಂತ ಕ್ರಿಕೆಟ್ ವಾರ್ಷಿಕಿ ವಿಸ್ಡನ್ 2002ರಲ್ಲಿ ಆರಿಸಿದ್ದು ಇದನ್ನೇ.

ಗೆಲ್ಲಲು ಬೇಕಿದ್ದದ್ದು 173 ರನ್. ಮರುದಿನ, ಮಂಗಳವಾರ 24ರಂದು, ಗಣೇಶ ಚತುರ್ಥಿ. ಭಾರತದ ಅಭಿಮಾನಿಗಳು ಚೆಸಿಂಗ್ಟನ್ ಮೃಗಾಲಯದಿಂದ ಬೆಲ್ಲಾ ಎಂಬ ಆನೆಯನ್ನು ಮೈದಾನಕ್ಕೆ ಕರೆತಂದಿದ್ದರು. ಬೆಳಗ್ಗೆಯೇ ನಾಯಕ ಅಜಿತ್ ವಾಡೇಕರ್ ರನ್ ಔಟಾದಾಗ ಆತಂಕ ಹುಟ್ಟಿದ್ದು ಸಹಜ. ಆದರೆ ಸರ್ದೇಸಾಯಿ 40 ರನ್ ಗಳಿಸಿದರು. ಭದ್ರಾವತಿಯಲ್ಲಿ ಹುಟ್ಟಿದ ನಮ್ಮ ಜಿ.ಆರ್. ವಿಶ್ವನಾಥ್ ಅವಸರವಿಲ್ಲದೆ 33 ರನ್ ಕೂಡಿಸಿ, ಗೆಲುವಿಗೆ ಮೂರು ರನ್ ಇರುವಾಗ ಔಟಾದರು. ಒಳಬಂದ ಅಬಿದ್ ಅಲಿ ಬೌಂಡರಿ ಬಾರಿಸಿದರು. ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಜಯ ಮತ್ತು ಮೊದಲ ಸರಣಿ ಜಯ ಎರಡೂ ನಾಲ್ಕು ವಿಕೆಟ್‌ಗಳ ಆ ಗೆಲುವಿನಲ್ಲಿ ಒಟ್ಟಿಗೆ ಬಂದವು. ‘ಇತಿಹಾಸದಲ್ಲಿ ಈ ದಿನ’ ಪಟ್ಟಿಗಳು ಪಂದ್ಯ ಮುಗಿದ 24ನ್ನು ಬರೆದುಕೊಳ್ಳುತ್ತವೆ. ಅದು ತಪ್ಪಲ್ಲ, ಆದರೆ ಪಂದ್ಯದ ಗತಿಯನ್ನೇ ತಿರುಗಿಸಿದ ಬೌಲಿಂಗ್ ನಡೆದದ್ದು 23ರಂದು, ಹಾಗಾಗಿ ಮೈಸೂರಿನವರ ಪಟ್ಟಿಯಲ್ಲಿ ಆ ದಿನಕ್ಕೇ ಮೊದಲ ಸ್ಥಾನ ಸಲ್ಲಬೇಕು.

ಅದೇ ಓವಲ್ ಮೈದಾನದಲ್ಲಿ 1948ರ ಆಗಸ್ಟ್ 14ರಂದು ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಡಾನ್ ಬ್ರಾಡ್ಮನ್ ತಮ್ಮ ಕೊನೆಯ ಟೆಸ್ಟ್ ಇನಿಂಗ್ಸ್‌ನಲ್ಲಿ ಎರಿಕ್ ಹಾಲೀಸ್ ಅವರ ಗೂಗ್ಲಿಗೆ ಸೊನ್ನೆಗೆ ಬೌಲ್ಡಾಗಿ, ಸರಾಸರಿ 99.94ರಲ್ಲಿ ನಿಂತಿತು. ಅವರು ಹುಟ್ಟಿದ್ದೂ ಆಗಸ್ಟ್‌ನಲ್ಲಿ, 1908ರ 27ರಂದು.

ಜನನಗಳ ಪಟ್ಟಿಯಲ್ಲಿ ಮೈಸೂರಿನ ಹೆಸರು ತಿಂಗಳ ಕಟ್ಟಕಡೆಯ ದಿನ ಬರುತ್ತದೆ. ಜಾವಗಲ್ ಶ್ರೀನಾಥ್ ಹುಟ್ಟಿದ್ದು 1969ರ ಆಗಸ್ಟ್ 31ರಂದು ಇಲ್ಲಿಯೇ. ಓದಿದ್ದು ಮರಿಮಲ್ಲಪ್ಪ ಪ್ರೌಢಶಾಲೆ ಮತ್ತು ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಹೊಸ ಚೆಂಡಿನಲ್ಲಿ ಅವರ ಜೊತೆಗಾರರಾಗಿದ್ದ ವೆಂಕಟೇಶ್ ಪ್ರಸಾದ್ ಅದೇ ವರ್ಷದ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ಹುಟ್ಟಿದರು. ಶ್ರೀನಾಥ್ 67 ಟೆಸ್ಟ್‌ಗಳಲ್ಲಿ 236 ವಿಕೆಟ್, 229 ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ಪಡೆದರು. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದಿದ್ದರು. ಒಂದೇ ಊರಿನಲ್ಲಿ ಹುಟ್ಟಿದ ಒಬ್ಬ ಸ್ಪಿನ್ನರ್ ಮತ್ತು ಒಬ್ಬ ವೇಗಿ ಸೇರಿ 478 ಟೆಸ್ಟ್ ವಿಕೆಟ್ ಗಳಿಸಿದ್ದು ಎಷ್ಟು ಹೆಮ್ಮೆಪಟ್ಟರೂ ಸಾಲದ ಸಂಗತಿ.

ಮರಣಗಳಲ್ಲಿ ನಾವು ಮರೆಯಬಾರದ್ದು ಅಜಿತ್ ವಾಡೇಕರ್ ಅವರದು. 2018ರ ಆಗಸ್ಟ್ 15ರಂದು ಮುಂಬೈಯಲ್ಲಿ ಅವರು ತೀರಿಕೊಂಡರು. ಓವಲ್‌ನಲ್ಲಿ ಚಂದ್ರಶೇಖರ್ ಕೈಗೆ ಚೆಂಡು ಕೊಟ್ಟ ನಾಯಕ ಅವರು. ಎರಡು ದಶಕಗಳ ನಂತರ ತಂಡದ ಮ್ಯಾನೇಜರ್ ಆಗಿ ಬಂದಾಗ, ಅವರ ಉಸ್ತುವಾರಿಯಲ್ಲಿ ಆಡಿದವರಲ್ಲಿ ಎಳೆಯ ಶ್ರೀನಾಥ್ ಕೂಡ ಇದ್ದರು. ಶಾಲೆಯ ಫಲಕದಲ್ಲಿ ಆಗಸ್ಟ್ ತಿಂಗಳ ಪಟ್ಟಿ ಬರೆಯುವವರು 15, 23, 24, 29 ಮತ್ತು 31ನೇ ತಾರೀಕುಗಳನ್ನು ಬಿಡದೆ ಸೇರಿಸಲಿ. ಚಂದ್ರಶೇಖರ್ ಅವರ ಜನ್ಮದಿನವನ್ನು ಮಾತ್ರ ಮೇ ತಿಂಗಳಿಗೆ ಎತ್ತಿಡಬೇಕಾಗುತ್ತದೆ.