ಇಕ್ಕಟ್ಟಾದ ಬಾಗಿಲು ಅಂದ್ರೆ ಕಷ್ಟದ ಬಾಗಿಲಲ್ಲ

ಈ ತಿಂಗಳಲ್ಲಿ ಇದು ಮೂರನೇ ಸಲ. ಎಂಟ್ರೆನ್ಸ್ ಕೋಚಿಂಗಿನ ಪೋಸ್ಟರಲ್ಲಿ "ಇಕ್ಕಟ್ಟಾದ ದಾರಿ ಹಿಡಿಯಿರಿ, ರ‍್ಯಾಂಕ್ ಗ್ಯಾರಂಟಿ" ಅಂತ ಹಾಕಿ ಕೆಳಗೆ ಮತ್ತಾಯ 7:13 ಅಂತ ಬೇರೆ. ಬೈಬಲಿನ ಆ ವಚನದಲ್ಲಿ ಮತ್ತು ಅದರ ಮುಂದಿನದರಲ್ಲಿ ಯೇಸು ಹೇಳುದು ಇಷ್ಟು, ಇಕ್ಕಟ್ಟಾದ ಬಾಗಿಲಿನಿಂದ ಒಳಗೆ ಹೋಗಿ, ನಾಶಕ್ಕೆ ಹೋಗುವ ದಾರಿ ಅಗಲ, ಅದರಲ್ಲಿ ಹೋಗುವವರು ಬಹಳ ಜನ, ಜೀವಕ್ಕೆ ಹೋಗುವ ಬಾಗಿಲು ಇಕ್ಕಟ್ಟು, ಅದನ್ನು ಕಂಡುಕೊಳ್ಳುವವರು ಸ್ವಲ್ಪ ಜನ. ಅದಕ್ಕಿಂತ ಮೊದಲು ಒಬ್ರು ಜಿಮ್ಮಿನ ಫೋಟೋಕ್ಕೆ ಅದೇ ವಚನ ಹಾಕಿದ್ರು, ಅದಕ್ಕೂ ಮೊದಲು ಗಲ್ಫಿಗೆ ಹೊರಟ ಹುಡುಗನ ಸ್ಟೇಟಸ್. ಕಷ್ಟಪಡುದು ಬೇಡ ಅಂತ ನಾನು ಹೇಳುದಲ್ಲ, ಆದ್ರೆ ಆ ವಚನ ಕಷ್ಟದ ಬಗ್ಗೆ ಅಲ್ಲವೇ ಅಲ್ಲ.

"ಬಾಗಿಲು ಇಕ್ಕಟ್ಟು, ದಾರಿ ಬಿಕ್ಕಟ್ಟು" ಅಂತ ಹಳೇ ಸತ್ಯವೇದದ, ಅಂದ್ರೆ ಕನ್ನಡ ಬೈಬಲಿನ, ಮಾತು ಇಗರ್ಜಿಗೆ ಹೋಗುವವರಿಗೆಲ್ಲ ಬಾಯಿಪಾಠ ಇರ್ತದೆ. ಗ್ರೀಕ್ ಮೂಲದಲ್ಲಿ ಬಾಗಿಲಿಗೆ ಇರುವ ಪದ ಸ್ಟೆನೆ, ಅಂದ್ರೆ ಅಗಲ ಕಮ್ಮಿ, ಅಷ್ಟೇ. ಸ್ಟೆನೋಗ್ರಾಫರ್ ಅಂತೇವಲ್ಲ ಅದರಲ್ಲಿರುವ ಸ್ಟೆನೋ ಇದೇ. ದಾರಿಗೆ ಮಾತ್ರ ಬೇರೆ ಪದ, ತೆಥ್ಲಿಮ್ಮೆನೆ, ಎರಡು ಕಡೆಯಿಂದ ಒತ್ತಿ ಹಿಡಿದ ಹಾಗೆ ಇರುದು. ಅದೇ ಧಾತುವಿನಿಂದ ಥ್ಲಿಪ್ಸಿಸ್ ಬರ್ತದೆ, ಹೊಸ ಒಡಂಬಡಿಕೆಯಲ್ಲಿ ಸಂಕಟ, ಉಪದ್ರವ ಅಂತ ಬರುವಲ್ಲಿ ಹೆಚ್ಚಾಗಿ ಇರುದು ಇದೇ ಪದ. ಗೊಂದಲ ಹುಟ್ಟುದು ಇಲ್ಲಿಯೇ. ಅಗಲ ಹೇಳುವ ಪದ ಮೆಲ್ಲ ಜಾರಿ ನೋವು ಹೇಳುವ ಪದ ಆಗ್ತದೆ, ನಮ್ಮ ಭಾಷೆಗಳಲ್ಲೂ ಹಾಗೆಯೇ. ಸಂಕಟ ಅಂದ್ರೆ ಸಂಸ್ಕೃತದಲ್ಲಿ ಮೊದಲು ಇಕ್ಕಟ್ಟಾದ ಜಾಗವೇ, ಹೊಟ್ಟೆಸಂಕಟ ಎಲ್ಲ ಮತ್ತೆ. ತಮಿಳು ತೆಲುಗಿನವರಿಗೆ ಇಕ್ಕಟ್ಟು ಅಂದ್ರೆ ತೊಂದರೆಯೇ. ಕನ್ನಡದಲ್ಲಿ ಅದು ಎರಡೂ ಕಡೆ ಕಾಲಿಟ್ಟಿದೆ, ಬಸ್ಸಿನ ಸೀಟೂ ಇಕ್ಕಟ್ಟು, ಸಾಲ ತೆಗೆದವನೂ ಇಕ್ಕಟ್ಟಲ್ಲಿ. ಪಾಪ ಬಿಕ್ಕಟ್ಟು ಪೂರ್ತಿ ಜಾರಿ ಪೇಪರಿನವರ ಕೈಗೆ ಸಿಕ್ಕಿತು, ರಾಜಕೀಯ ಬಿಕ್ಕಟ್ಟು, ಆರ್ಥಿಕ ಬಿಕ್ಕಟ್ಟು ಬಿಟ್ರೆ ಈಗ ಬೇರೆಲ್ಲೂ ಕಾಣುದಿಲ್ಲ.

ಕಾಸರಗೋಡಿನ ನಮಗೆ ಒಂದು ಅನುಕೂಲ ಉಂಟು, ಮಲಯಾಳ ಕಿವಿಗೆ ಬೀಳ್ತಾ ಇರ್ತದೆ. ಅವರ ಬೈಬಲಲ್ಲಿ ಇದು ಇಡುಕ್ಕು ವಾತಿಲ್. ಇಡುಕ್ಕಿ ಜಿಲ್ಲೆಯ ಹೆಸರಲ್ಲಿರುವ ಇಡುಕ್ಕು, ಎರಡು ಗುಡ್ಡೆ ನಡುವಿನ ಸಂದು. ಆ ಪದ ಕೇಳಿದ್ರೆ ಕಣ್ಣಿಗೆ ಮೊದಲು ಬರುದು ಜಾಗ, ನೋವಲ್ಲ.

ನನ್ನ ತಲೆಯಲ್ಲಿ ಬರುದು ತೋಟದ ತಡಮೆ. ಬೇಲಿಯ ನಡುವೆ ಎರಡು ಗೂಟ, ಒಬ್ಬ ಮನುಷ್ಯ ಸ್ವಲ್ಪ ಓರೆ ಆಗಿ ದಾಟುವಷ್ಟು ಸಂದು, ದನ ನುಗ್ಗದ ಹಾಗೆ. ದಾಟ್ಲಿಕ್ಕೆ ಎಂತ ಕಷ್ಟ? ಏಳು ವರ್ಷದ ಮಗು ಓಡಿಕೊಂಡೇ ದಾಟ್ತದೆ. ಎರಡು ಕೈಯಲ್ಲೂ ಚೀಲ ಹಿಡ್ಕೊಂಡು ಬಂದವ ಮಾತ್ರ ನಿಂತು ಆಚೆ ಈಚೆ ನೋಡ್ತಾನೆ. ಮತ್ತೆ ಅದರಲ್ಲಿ ಗುಂಪಾಗಿ ಹೋಗ್ಲಿಕ್ಕೆ ಆಗುದಿಲ್ಲ, ಒಬ್ಬೊಬ್ಬರೇ ಹೋಗ್ಬೇಕು. ನಮ್ಮ ಕಡೆ ತಲಪಾಡಿಯಿಂದ ಚೆಂಗಳಕ್ಕೆ ಈಗ ಆರು ಲೇನಿನ ಹೈವೇ, ಅಲ್ಲಿ ಲಾರಿ ತುಂಬ ಸಾಮಾನು ಹೇರಿಕೊಂಡು ಹೋದ್ರೂ ಯಾರೂ ಎಂತದೂ ಕೇಳುದಿಲ್ಲ. ಅಗಲದ ದಾರಿ ಅಂದ್ರೆ ಕಳ್ಳರ ದಾರಿ ಅಂತ ಕೆಲವರು ಹೇಳಿಕೊಡ್ತಾರೆ, ವಚನದಲ್ಲಿ ಹಾಗಿಲ್ಲ, ಅದು ನಾಶಕ್ಕೆ ಹೋಗ್ತದೆ, ಅದರಲ್ಲಿ ಹೋಗುವವರು ಬಹಳ ಜನ ಅಂತ ಉಂಟು.

ಆ ಚೀಲದಲ್ಲಿ ಎಂತ ಇರ್ತದೆ ಅಂತ ಗೊತ್ತಾಗ್ಬೇಕಾದ್ರೆ 13ನೇ ವಚನ ಮಾತ್ರ ಹರಿದು ಪೋಸ್ಟರಿಗೆ ಅಂಟಿಸಬಾರ್ದು, 12 ಓದ್ಬೇಕು. ಜನ ನಿಮಗೆ ಏನು ಮಾಡ್ಬೇಕಂತ ನೀವು ಬಯಸ್ತೀರೋ ಅದನ್ನೇ ಅವರಿಗೆ ಮಾಡಿ. ಅದರ ಬೆನ್ನಿಗೇ ಬಾಗಿಲಿನ ಮಾತು.

ಅಪ್ಪ ಒಂದು ಸಲ ಅಡಿಕೆ ಗೋಣಿಯ ಬಾಯಿ ಹೊಲಿದು ಆಗಿತ್ತು, ಬೆಳಿಗ್ಗೆ ಪೇಟೆಗೆ ಕೊಂಡೋಗ್ಲಿಕ್ಕೆ. ರಾತ್ರಿ ಊಟ ಆದ್ಮೇಲೆ ಎದ್ದು ಹೋಗಿ ಹೊಲಿಗೆ ಬಿಚ್ಚಿ ಜಗಲಿಯಲ್ಲಿ ಸುರಿದ್ರು, ಒಳ್ಳೇ ಚಾಲಿಯ, ಅಂದ್ರೆ ಒಣಗಿಸಿ ಸುಲಿದ ಅಡಿಕೆಯ, ಅಡಿಯಲ್ಲಿ ಕರಿಗೋಟು, ಅಂದ್ರೆ ಹಾಳಾದ ಕಡಿಮೆ ದರ್ಜೆಯ ಅಡಿಕೆ, ಸೇರಿಸಿದ್ದರು. ಹೆಕ್ಕಿ ಬೇರೆ ಮಾಡ್ತಾ ಕೂತ್ರು, ನಾನೂ ಕೂತೆ. "ಎಲ್ಲರೂ ಹಾಕ್ತಾರಲ್ಲ ಅಪ್ಪ" ಅಂತ ಕೇಳಿದೆ. "ನಾವು ತಕ್ಕೊಳ್ಳುವವರಾದ್ರೆ?" ಅಂದ್ರು, ಮತ್ತೆ ಮಾತಿಲ್ಲ. ಒಂದು ಗಂಟೆಯ ಕೆಲಸ ಅದು, ಬೆನ್ನು ಮುರಿಯುವಂತದ್ದಲ್ಲ. ಕೋಚಿಂಗಿನ ಹುಡುಗ ಬೆಳಗಿನ ನಾಲ್ಕು ಗಂಟೆಗೆ ಎದ್ದು ಓದುದು ಅದಕ್ಕಿಂತ ಎಷ್ಟೋ ಕಷ್ಟ, ಆದ್ರೆ ಇಕ್ಕಟ್ಟು ಅಂದ್ರೆ ಅಪ್ಪ ಮಾಡಿದ್ದು. "ಎಲ್ಲರೂ ಮಾಡ್ತಾರೆ" ಅನ್ನುವ ಆ ಒಂದು ಚೀಲ ಹಿಡ್ಕೊಂಡು ದಾಟ್ಲಿಕ್ಕೆ ಆಗುದಿಲ್ಲ.

ಕಷ್ಟವೇ ನೀತಿ ಅಂತಾಗಿದ್ರೆ ಶಿಲುಬೆಯ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಈ ಪಾತ್ರೆ, ಅಂದ್ರೆ ಬರಲಿರುವ ಸಂಕಟ, ನನ್ನನ್ನು ದಾಟಿ ಹೋಗ್ಲಿ ಅಂತ ಬೇಡಿಕೊಳ್ತಾ ಇರ್ಲಿಲ್ಲ. ನನ್ನ ಹೊರೆ ಹಗುರ ಅಂತ ಹೇಳಿದ್ದೂ ಅದೇ ಮತ್ತಾಯನ 11ನೇ ಅಧ್ಯಾಯದಲ್ಲಿ. ಸುಲಭದ ದಾರಿ ಹೇಗಿರ್ತದೆ ಅಂತ ನೋಡ್ಬೇಕಾದ್ರೆ 4ನೇ ಅಧ್ಯಾಯಕ್ಕೆ ಹೋಗಿ, ಸೈತಾನ ಎತ್ತರದ ಬೆಟ್ಟಕ್ಕೆ ಕರ್ಕೊಂಡು ಹೋಗಿ ಲೋಕದ ರಾಜ್ಯಗಳನ್ನೆಲ್ಲ ತೋರಿಸ್ತಾನೆ, ಒಂದೇ ಒಂದು ಸಲ ಅಡ್ಡಬಿದ್ರೆ ಸಾಕು, ಎಲ್ಲ ನಿನಗೆ. ಶಿಲುಬೆ ಇಲ್ಲದೆ ರಾಜ್ಯ. ಕೊಡ್ತೇನೆ ಅಂದದ್ದು ಸಣ್ಣದಲ್ಲ, ಆದ್ರೆ ಅಡ್ಡಬೀಳ್ಬೇಕಾದ್ದು ಯಾರಿಗೆ?

ಇನ್ನೊಂದು, "ಕಂಡುಕೊಳ್ಳುವವರು ಸ್ವಲ್ಪ ಜನ" ಅನ್ನುದನ್ನು ಹಿಡ್ಕೊಂಡು ನಾವೇ ಆ ಸ್ವಲ್ಪ ಜನ ಅಂತ ಎದೆ ಉಬ್ಬಿಸುವವರು. ಲೂಕ 13ರಲ್ಲಿ ಒಬ್ಬ ಇದನ್ನೇ ಕೇಳ್ತಾನೆ, ರಕ್ಷಣೆ ಹೊಂದುವವರು ಸ್ವಲ್ಪ ಜನವೋ ಅಂತ. ಯೇಸು ಲೆಕ್ಕ ಹೇಳುದೇ ಇಲ್ಲ. ಇಕ್ಕಟ್ಟಾದ ಬಾಗಿಲಿನಿಂದ ನೀವು ಒಳಗೆ ಹೋಗ್ಲಿಕ್ಕೆ ಹೆಣಗಾಡಿ ಅಂತಾನೆ. ಮತ್ತೆ ಸ್ವಲ್ಪ ಮುಂದೆ ಹೋಗುವಾಗ, ನಿನ್ನ ಜೊತೆಯೇ ಊಟ ಮಾಡಿದವರು ನಾವು ಅಂತ ಹೇಳುವವರು ಹೊರಗೆ, ಮೂಡಣ ಪಡುವಣ ಬಡಗಣ ತೆಂಕಣದಿಂದ ಬಂದವರು ಒಳಗೆ ಊಟಕ್ಕೆ ಕೂತಿರ್ತಾರೆ.

ಹಾಗಾಗಿ ಸಂಡೇ ಸ್ಕೂಲಲ್ಲಿ ಕಲಿಸುವವರಿಗೆ ಒಂದೇ ವಿನಂತಿ, ಮಕ್ಕಳ ನೋಟ್ಸಲ್ಲಿ ಇಕ್ಕಟ್ಟು ಅಂದ್ರೆ ಕಷ್ಟ, ಬಿಕ್ಕಟ್ಟು ಅಂದ್ರೆ ಕ್ರೈಸಿಸ್ ಅಂತ ಬರೆಸಬೇಡಿ. ಊರಲ್ಲಿ ತಡಮೆ ಇನ್ನೂ ಎಲ್ಲಾದ್ರೂ ಉಳಿದಿದ್ರೆ ಕರ್ಕೊಂಡು ಹೋಗಿ, ಅವರವರ ಬ್ಯಾಗ್ ಹೆಗಲಿಗೆ ಹಾಕಿಸಿ ದಾಟಿಸಿ.